ಕೊಳ್ಳೇಗಾಲದ ಸಭೆಯಲ್ಲಿ ಎದ್ದ ಒಂದೇ ಬೆರಳು

ಕೋವಿಡ್ ತಣ್ಣಗಾದ ಮರುವರ್ಷ ನಾನು ಮೈಸೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ರಿಲೀಸ್ ಟ್ರೈನ್ ಎಂಜಿನಿಯರ್ ಆಗಿದ್ದೆ. ಹೆಸರು ಕೇಳಿ ರೈಲ್ವೆ ಕೆಲಸವೆಂದುಕೊಂಡ ನೆಂಟರೂ ಇದ್ದಾರೆ. ಒಂದೇ ಸಾಫ್ಟ್‌ವೇರ್ ಕಟ್ಟುವ ಹಲವು ತಂಡಗಳನ್ನು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಕೂರಿಸಿ, ಮುಂದೆ ಯಾರು ಏನು ಮಾಡಬೇಕೆಂದು ಅವರಿಂದಲೇ ತೀರ್ಮಾನ ಮಾಡಿಸುವುದು ನನ್ನ ಕೆಲಸ. ಈ ಸಭೆಗೆ ಪಿಐ ಪ್ಲಾನಿಂಗ್ ಎನ್ನುತ್ತಾರೆ.

ಆಗ ಕಟ್ಟುತ್ತಿದ್ದದ್ದು ನರ್ಸ್‌ಗಳ ಆ್ಯಪ್. ಹನೂರು, ಯಳಂದೂರು ಕಡೆ ಮನೆಮನೆಗೆ ಹೋಗುವ ಖಾಸಗಿ ಸಂಸ್ಥೆಯ ನರ್ಸ್‌ಗಳು ರೋಗಿಗೆ ಕೊಟ್ಟ ಔಷಧಿಯನ್ನು ಅಲ್ಲೇ ಫೋನಿನಲ್ಲಿ ದಾಖಲಿಸಬೇಕು. ಬಳಸುವವರ ಎದುರಿಗೇ ಯೋಜನೆಯಾಗಲೆಂದು ಹಠ ಹಿಡಿದು, ಎರಡು ದಿನದ ಸಭೆಯನ್ನು ಕೊಳ್ಳೇಗಾಲದ ಕಲ್ಯಾಣ ಮಂಟಪಕ್ಕೆ ತಂದೆ. ಮಾರ್ಟಳ್ಳಿಯಿಂದ ನರ್ಸ್ ಸೆಲ್ವಿ ಬಂದಿದ್ದರು.

ಮೊದಲ ದಿನ ಬೆಳಿಗ್ಗೆ ಸೆಲ್ವಿ ಮಾತಾಡಬೇಕಿತ್ತು. ಅವರ ಸಮಯವನ್ನೂ ನಮ್ಮ ಕಂಪನಿಯ ಉಪಾಧ್ಯಕ್ಷರೇ ನುಂಗಿದರು. ನರ್ಸ್‌ಗಳು ಎಲ್ಲೆಲ್ಲಿದ್ದಾರೆಂದು ತೋರಿಸುವ ನಕ್ಷೆಯೊಂದು ಆ ಸಂಸ್ಥೆಗೆ ಹಣ ಕೊಡುವ ದಾನಿಗಳಿಗೆ ಬಹಳ ಹಿಡಿಸಿದೆ, ಬಿಡುಗಡೆಯ ದಿನವನ್ನೂ ಅವರಿಗೆ ಹೇಳಿಯಾಗಿದೆ ಎಂದರು. ನಕ್ಷೆಗೆ ಜಾಗ ಮಾಡಲು, ನೆಟ್‌ವರ್ಕ್ ಇಲ್ಲದಾಗ ಬರೆದದ್ದನ್ನು ಫೋನಿನಲ್ಲೇ ಉಳಿಸಿಡುವ ಕೆಲಸವನ್ನು ಕೈಬಿಡಿಸಿದ್ದರು. ಕಾಡಂಚಿನ ಆ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದೇ ಅಪರೂಪ. ನಾನು ಆಕ್ಷೇಪಿಸಿದೆ. ಆಮೇಲೆ ನೋಡೋಣ ಎಂದರು.

ಎರಡನೇ ದಿನ ಮಧ್ಯಾಹ್ನ ಕಾನ್ಫಿಡೆನ್ಸ್ ವೋಟ್. ಯೋಜನೆಯ ಮೇಲೆ ಎಷ್ಟು ಭರವಸೆ ಇದೆಯೆಂದು ಎಲ್ಲರೂ ಬೆರಳೆತ್ತಿ ತೋರಿಸುತ್ತಾರೆ. ಐದು ಎಂದರೆ ಪೂರ್ತಿ ಭರವಸೆ. ಒಂದೋ ಎರಡೋ ಎದ್ದರೆ ಕಾರಣ ಕೇಳಲೇಬೇಕು. ಎಲ್ಲ ಕಡೆ ನಾಲ್ಕು, ಐದು ಏಳುತ್ತಿದ್ದಾಗ ಡೇಟಾ ತಂಡದ ಮುಖ್ಯಸ್ಥ, ಯಳಂದೂರು ಕಡೆಯ ಮಹದೇವಸ್ವಾಮಿ ಒಂದೇ ಬೆರಳೆತ್ತಿದರು.

"ಇನ್ನೂ ನಾಲ್ಕು ಎತ್ತಪ್ಪ, ಊಟ ಆರುತ್ತೆ," ಎಂದರು ಉಪಾಧ್ಯಕ್ಷರು. ಕೆಲವರು ನಕ್ಕರು.

"ಎತ್ತಕಾಗಲ್ಲ ಸಾ. ನೆಟ್‌ವರ್ಕ್ ಇಲ್ದೆ ಸಿಸ್ಟರ್ ಬರ್ದಿದ್ದು ಅಳಿಸೋಯ್ತದೆ. ಇನ್ನೊಬ್ರು ಓಗಿ ಅದೇ ಇಂಜೆಕ್ಷನ್ನ ಇನ್ನೊಂದ್ಸಲ ಆಕ್ತಾರೆ."

ಹಿಂದಿನ ಸಾಲಿನಿಂದ ಸೆಲ್ವಿ ಎದ್ದು ನಿಂತರು. ಪ್ರಯೋಗಕ್ಕೆಂದು ಕೊಟ್ಟಿದ್ದ ಆ್ಯಪ್‌ನಿಂದ ಹಾಗೆಯೇ ಆಗಿತ್ತಂತೆ. ಒಬ್ಬ ವೃದ್ಧೆಗೆ ಇಬ್ಬರು ನರ್ಸ್‌ಗಳು ಒಂದೇ ದಿನ ಇನ್ಸುಲಿನ್ ಕೊಟ್ಟು, ಆಕೆ ಬೆವತು ಬಿದ್ದಿದ್ದರು. "ಆ ಪಾಟಿ ಬದುಕ್ಕಂಡಿದ್ದೇ ಎಚ್ಚು ಸಾ," ಎಂದರು ಸೆಲ್ವಿ, ಅಜ್ಜಿಯನ್ನು ತಮ್ಮ ಮನೆಮಾತಾದ ತಮಿಳಿನಲ್ಲೇ ಕರೆದು.

ಅದು ತಮಗೆ ಗೊತ್ತಿರುವ ವಿಷಯವೆಂದೂ ಮೈಸೂರಿನಲ್ಲಿ ಮಾತಾಡೋಣವೆಂದೂ ಉಪಾಧ್ಯಕ್ಷರು ತಣ್ಣಗೆ ಹೇಳಿದರು. ಗೊತ್ತಿತ್ತಂತೆ! "ಎಲ್ಲ ಮೊದಲೇ ತೀರ್ಮಾನ ಆಗಿದ್ದರೆ ಇಷ್ಟು ಜನರನ್ನು ಯಾಕೆ ಕರೆಸಿದಿರಿ? ಈ ಯೋಜನೆಗೆ ಒಪ್ಪಿಗೆ ಸಿಕ್ಕಿತೆಂದು ನಾನು ಸಭೆ ಮುಗಿಸುವುದಿಲ್ಲ," ಎಂದೆ. ಅವರು ಊಟವನ್ನೂ ಮಾಡದೆ ಕಾರು ಹತ್ತಿದರು.

ತಂಡಗಳು ಸಂಜೆಯವರೆಗೆ ಕೂತು ಯೋಜನೆಯನ್ನು ಮತ್ತೆ ಕಟ್ಟಿದವು. ಈ ಸಲ ಸೆಲ್ವಿ ಪ್ರತಿ ಮೇಜಿಗೂ ಹೋಗಿ ಮಾತಾಡಿದರು. ಬರೆದದ್ದನ್ನು ಫೋನಿನಲ್ಲೇ ಉಳಿಸಿಡುವ ಕೆಲಸ ಮರಳಿ ಬಂತು, ನಕ್ಷೆಯನ್ನು ಮುಂದೂಡಿದರು. ಮರುದಿನ ನಾನು ಉಪಾಧ್ಯಕ್ಷರಿಗೂ ಮೇಲಿನವರಾದ ನಿರ್ದೇಶಕರಿಗೆ ಎಲ್ಲವನ್ನೂ ಹೇಳಿ, ಹೊಸ ಯೋಜನೆಗೆ ಒಪ್ಪಿಗೆ ಪಡೆದೆ. ಆ್ಯಪ್ ತಡವಾಗಿ ಬಂತು, ಆದರೆ ಬರೆದದ್ದು ಅಳಿಯಲಿಲ್ಲ.

ಉಪಾಧ್ಯಕ್ಷರಿಗೆ ಏನೂ ಆಗಲಿಲ್ಲ. ಮಹದೇವಸ್ವಾಮಿಗೆ ಆ ವರ್ಷ ಬಡ್ತಿ ತಪ್ಪಿತು. ಹೊಂದಿಕೊಂಡು ಹೋಗುವ ಗುಣವಿಲ್ಲ ಎಂಬುದು ಕಾರಣ. ಮುಂದಿನ ಸಭೆ ನಡೆಸಲು ನನ್ನ ಬದಲು ಹೊರಗಿನವರನ್ನು ಕರೆಸಿದರು. ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಆಗುವುದಿಲ್ಲ ಎಂದವನ ಮಾತನ್ನು ಕೂತು ಕೇಳುವ ಮನಸ್ಸಿಲ್ಲದವರು ಇಂಥ ಸಭೆ ಕರೆಯಲೇಬಾರದು. ವೃತ್ತಿ ನನಗೆ ಕಲಿಸಿದ್ದು ಅಷ್ಟೇ.