ಸೆರಗಿನ ಗಂಟಿನಲ್ಲಿ ಫಿಲ್ಟರು

ಬ್ಯಾಡಗಿ ಮಾರುಕಟ್ಟೆಯ ಅಣ್ಣಾಜಿಯ ದಲಾಲಿ ಅಂಗಡಿಯಲ್ಲಿ ಫೋಟೋದ ಕೆಲಸ ಮಗಳು ಧನಶ್ರೀಯದು. ರೈತರು ಸುರುವಿದ ಮೆಣಸಿನಕಾಯಿ ರಾಶಿಗಳ ಫೋಟೋ ತೆಗೆದು ಪರಸ್ಥಳದ ಖರೀದಿದಾರರಿಗೆ ಕಳಿಸುತ್ತಾಳೆ. ಅದನ್ನು ನೋಡಿ ಅವರು ಟೆಂಡರಿಗೆ ದರ ಹಾಕಿಸುತ್ತಾರೆ. ಮೊಬೈಲು ಕೆಂಪನ್ನು ಕಿತ್ತಳೆ ಮಾಡುತ್ತದೆ ಎಂದು ಹಟ ಹಿಡಿದು ಈ ಹಂಗಾಮಿಗೆ ಒಂದು ಸಾದಾ ಕ್ಯಾಮೆರಾ ಕೊಂಡಳು. ಅಣ್ಣಾಜಿ ಮೂಗು ಮುರಿದ, ಆದರೆ ಬೇಡ ಎನ್ನಲಿಲ್ಲ. ಮಗಳಿಗೆ ಬೇಡ ಎಂದು ಅವನಿಗೆ ರೂಢಿಯಿಲ್ಲ.

ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ಫಿಲ್ಟರಿನ ಹುಚ್ಚು ಹಿಡಿಯುವುದು ಇದ್ದದ್ದೇ. ರಾಣೆಬೆನ್ನೂರಿನಲ್ಲಿ ವಿಕಾಸನ ಸ್ಟುಡಿಯೋಕ್ಕೆ ಹೋದವಳೇ ಬಣ್ಣಬಣ್ಣದ ಗಾಜುಗಳ ಇಡೀ ಡಬ್ಬಿಗೆ ಕೈ ಹಾಕಿದಳು. ವಿಕಾಸ ವ್ಯಾಪಾರಿಯಾದರೂ ಟೋಪಿ ಹಾಕುವ ಪೈಕಿಯಲ್ಲ.

“ಅಷ್ಟೂ ಯಾಕರಿ? ಬಣ್ಣದ ಗಾಜು ಬ್ಯಾಡ, ಅದನ್ನ ಆಮ್ಯಾಲೆ ಕಂಪ್ಯೂಟರಿನ್ಯಾಗೂ ಮಾಡಬಹುದು. ಬೆಳಕು ತಗ್ಗಸೋ ಈ ಕರೇ ಗಾಜು ಹರಿಯೋ ನೀರಿಗೆ ಬೇಕು. ನಿಮ್ಮ ಮೆಣಸಿನಕಾಯಿ ಎಲ್ಲಿ ಹರೀತದ? ಒಂದು ಯುವಿ ಫಿಲ್ಟರ್ ಹಾಕ್ಕೊಳ್ರಿ. ಮಾರ್ಕೆಟ್ಟಿನ ಧೂಳು ಅದರ ಮ್ಯಾಲೆ ಕುಂದ್ರತದ, ಲೆನ್ಸ್ ಉಳೀತದ.”

ಲೆನ್ಸಿನ ಅಂಚಿನ ಅಂಕಿಗೆ ಹೊಂದುವಂಥದ್ದನ್ನು ಹುಡುಕಿ ಕೊಟ್ಟ. ಅಲ್ಲಿಗೇ ಎದ್ದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮತ್ತೊಂದರ ಮೇಲೆ ಅವಳ ಕಣ್ಣು ಬಿತ್ತು. ವಿಕಾಸ ಅದನ್ನು ಲೆನ್ಸಿಗೆ ಹಾಕಿ ಹೊರಗೆ ಬಂದು ಅಂಗಡಿಯ ಗಾಜಿನ ಬಾಗಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದ. ಬಾಗಿಲ ಮೇಲಿನ ಪ್ರತಿಬಿಂಬ ಮಾಯವಾಗಿ ಒಳಗಿನ ಕುರ್ಚಿ ಕಂಡಿತು.

“ಇದು ಪೋಲರೈಸರ್. ತಿರುವಿದ್ರ ಹೊಳಪು ಸಾಯ್ತದ, ಬಣ್ಣ ಏಳ್ತದ,” ಎಂದ.

ಆ ಮಾತಿನ ಎರಡನೆಯ ಅರ್ಧವನ್ನಷ್ಟೇ ಧನಶ್ರೀ ಬ್ಯಾಡಗಿಗೆ ತಂದಳು.

ಸೋಮವಾರ ಗುತ್ತಲದ ಹೊನ್ನವ್ವ ಮಾಲು ತಂದು ಸುರುವಿದಳು. ಅಣ್ಣಾಜಿಯ ತಲೆ ಕಪ್ಪಗಿದ್ದಾಗಿನಿಂದ ಈ ಅಂಗಡಿಗೇ ಬರುವವಳು. ಧನಶ್ರೀ ಪೋಲರೈಸರ್ ತಿರುಗಿಸಿದಳು. ಬಿಸಿಲಿನ ಝಳಪು ಹೋಗಿ ರಾಶಿ ಕುಂಕುಮದ ಹಾಗೆ ಕೆಂಪಾಯಿತು. ಇಂಥ ಫೋಟೋ ಇಡೀ ಮಾರುಕಟ್ಟೆಯಲ್ಲಿ ಯಾರೂ ತೆಗೆದಿಲ್ಲ ಎಂದು ಹಿಗ್ಗಿ ಕೊಲ್ಹಾಪುರದ ದಾದಾಸಾಬನಿಗೆ ಕಳಿಸಿದಳು. ಹೊನ್ನವ್ವನ ಮಾಲನ್ನು ಪ್ರತಿವರ್ಷ ಹಿಡಿಯುವವನು ಅವನೇ.

ದಾದಾಸಾಬ ಅಣ್ಣಾಜಿಗೆ ಫೋನು ಮಾಡಿದ. “ಅಣ್ಣಾಜಿ, ಹೋದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲು ತೋರಿಸಾಕತ್ತೀರೇನು? ಹೊಸಾ ಕಾಯಿಗೆ ಮೈಮ್ಯಾಲೆ ಮಿಂಚು ಇರ್ತದ. ಇದಕ್ಕ ಇಲ್ಲ.”

ದರ ಹಾಕಲಿಲ್ಲ. ಉಳಿದವರ ದರಕ್ಕೆ ಹೊನ್ನವ್ವ ಒಪ್ಪಲಿಲ್ಲ. ರಾಶಿ ಗುರುವಾರದ ಟೆಂಡರಿನವರೆಗೆ ಅಂಗಡಿಯಲ್ಲೇ ಬಿತ್ತು. ಕಾಯಿ ಒಣಗಿದಷ್ಟೂ ತೂಕ ಇಳಿಯುತ್ತದೆ, ಆ ನಷ್ಟ ಬೆಳೆದವಳದು. ವಿಕಾಸನ ಮಾತಿನ ಮೊದಲ ಅರ್ಧ ಧನಶ್ರೀಗೆ ಈಗ ನೆನಪಾಯಿತು. ಅಂಗಡಿಯ ಮೇಲಿನ ನಂಬಿಕೆಯನ್ನು ತಾನೇ ಕೆಡಿಸಿದೆ ಎಂದು ನಾಚಿಕೆಯಾಯಿತು. ಹೊನ್ನವ್ವ ಇನ್ನು ಪಕ್ಕದ ಅಂಗಡಿಗೆ ಹೋದರೂ ತಪ್ಪೆನ್ನುವಂತಿಲ್ಲ.

ಗುರುವಾರ ಹೊನ್ನವ್ವ ಬಂದಳು. ಧನಶ್ರೀ ಮುಚ್ಚಿಡಲಿಲ್ಲ. “ತಪ್ಪು ನಂದು, ಹೊನ್ನವ್ವ. ಈ ಗಾಜು ನಿಮ್ಮ ಮಾಲಿನ ಮಿಂಚು ತಿಂದೈತಿ.”

ಹೊನ್ನವ್ವ ಬೈಯಲಿಲ್ಲ. ಕೈ ಚಾಚಿದಳು. “ಕೊಡು ಇಲ್ಲೆ.”

ಧನಶ್ರೀ ಬಿಚ್ಚಿ ಕೊಟ್ಟಳು. ಹೊನ್ನವ್ವ ಅದನ್ನು ಸೆರಗಿನ ತುದಿಯಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿ ರಾಶಿಯ ಪಕ್ಕದಲ್ಲಿ ಕೂತಳು. “ಈಗ ತಗಿ ನಿನ್ನ ಫೋಟೋ,” ಎಂದಳು.

ಯುವಿ ಫಿಲ್ಟರಿನ ಧೂಳು ಒರೆಸಿ ಧನಶ್ರೀ ಫೋಟೋ ತೆಗೆದಳು. ಕೆಂಪು ಅಷ್ಟೇನೂ ಏಳಲಿಲ್ಲ, ಆದರೆ ಸುಕ್ಕುಸುಕ್ಕಿನ ಮೇಲೂ ಬಿಸಿಲು ಮಿನುಗಿತು. ಫೋಟೋದ ಜೊತೆಗೆ, ಸೋಮವಾರ ತೋರಿಸಿದ್ದೂ ಇದೇ ಮಾಲು, ತಪ್ಪು ಕ್ಯಾಮೆರಾದ ಗಾಜಿನದು ಎಂದು ದಾದಾಸಾಬನಿಗೆ ಬರೆದಳು. ಅಂದಿನ ಟೆಂಡರಿನಲ್ಲಿ ರಾಶಿ ಅವನ ಹೆಸರಿಗೇ ಆಯಿತು.

ತೂಕ ಮುಗಿದ ಮೇಲೆ ಹೊನ್ನವ್ವ ಗಂಟು ಬಿಚ್ಚಿದಳು. “ಇದು ಮತ್ತ ಯಾವುದಕ್ಕರ ಬರ್ತದೇನು?”

“ಹೊಳಿಗೆ ಬರ್ತದ. ನೀರಿನ ಮ್ಯಾಲಿನ ಹೊಳಪು ಹೋಗಿ ತಳ ಕಾಣ್ತದ.”

“ಹಂಗಾರ ಐರಣಿ ಹೊಳಿಗೆ ಹೋದಾಗ ಹಾಕ್ಕೋ,” ಎಂದು ಕೊಟ್ಟು ಬಸ್ಸಿಗೆ ಹೋದಳು.

ಮುಂದಿನ ಸೋಮವಾರ ಹೊನ್ನವ್ವ ಎರಡನೆಯ ಕೊಯ್ಲಿನ ಚೀಲಗಳನ್ನು ಅಣ್ಣಾಜಿಯ ಅಂಗಡಿಯ ಮುಂದೆಯೇ ಇಳಿಸಿದಳು. ಚೀಲ ಬಿಚ್ಚುವ ಮೊದಲು ಕೈ ಚಾಚಿದಳು. ಪೋಲರೈಸರನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದು ಧನಶ್ರೀ ಹೇಳಿದಳು. ಲೆನ್ಸಿನ ಮುಂದಿದ್ದ ಗಾಜನ್ನೇ ನೋಡುತ್ತ ಹೊನ್ನವ್ವ ಚಾಚಿದ ಕೈ ಹಿಂತೆಗೆಯಲಿಲ್ಲ. ಧನಶ್ರೀ ಯುವಿ ಫಿಲ್ಟರನ್ನೂ ಬಿಚ್ಚಿ ಆ ಕೈಯಲ್ಲಿಟ್ಟಳು.