ಹಸಿರು ಗಾಜಿನ ಮೇಲೆ ಏಳು ಬಣ್ಣ

ಮೊನ್ನೆ ಕಾಲೇಜಿನ ಲ್ಯಾಬಿನಲ್ಲಿ ಕೂತು ಯಾವುದೋ ಫೈಲು ತೆರೆದೆ. ಪರದೆಯ ತುಂಬ ಕಸ. ಪ್ರತಿ ಸಾಲಿನ ಮೊದಲಿಗೂ ಒಂದು ಚೌಕದ ಆವರಣ, ಅದರ ಪಕ್ಕ ಮೂವತ್ತೊಂದು, ಅದಕ್ಕೆ ಅಂಟಿಕೊಂಡು ಇಂಗ್ಲಿಷಿನ ಒಂದು ಎಮ್. ಪಕ್ಕದ ಮೇಜಿನ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು, ಇಣುಕಿ ನೋಡಿ "ಫೈಲ್ ಕೆಟ್ಟೋಗಿದೆ ಅನ್ಸುತ್ತೆ ಮೇಡಂ" ಎಂದಳು. ಕೆಟ್ಟಿರಲಿಲ್ಲ. ಅದು ಬಣ್ಣ. ಬಣ್ಣ ಬಾರದ ಕಡೆ ಬಣ್ಣವನ್ನು ಕಳಿಸಿದರೆ ಅದು ಹೀಗೆ ಅಕ್ಷರ, ಅಂಕಿಗಳಾಗಿ ಉದುರುತ್ತದೆ. ಮೂವತ್ತೊಂದು ಎಂದರೆ ಕೆಂಪು. ಆ ಕೆಂಪನ್ನು ಮನಸ್ಸಿನಲ್ಲೇ ಓದಿಕೊಂಡ ಮರುಗಳಿಗೆಗೆ ಅಣ್ಣ ನೆನಪಾದರು. ಅಲ್ಲಿಗೆ ಆ ದಿನದ ಕೆಲಸ ಮುಗಿದ ಹಾಗೆಯೇ.

ಅಣ್ಣ ಎಂದರೆ ನಮ್ಮ ತಂದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಾಗೆಯೇ ಕರೆಯುವುದು. ನಿಮ್ಮ ಮನೆಯಲ್ಲೂ ಇದ್ದರೆ ವಿವರಿಸಬೇಕಾಗಿಲ್ಲ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ಅವರಿಗೆ ಮನುಷ್ಯರಲ್ಲಿ ಎರಡೇ ಜಾತಿ, ಬಣ್ಣ ಗೊತ್ತಿರುವವರು ಮತ್ತು ಗೊತ್ತಿಲ್ಲದವರು. ತೊಂಡೇಕಾಯಿಯ ಹಸಿರಿಗೂ ಹೀರೇಕಾಯಿಯ ಹಸಿರಿಗೂ ವ್ಯತ್ಯಾಸ ತಿಳಿಯದವನಿಗೆ ಹೆಣ್ಣು ಕೊಡಬಾರದು ಎನ್ನುತ್ತಿದ್ದರು. ನನಗೆ ಬಂದ ಒಂದೆರಡು ಗಂಡುಗಳು ಅಷ್ಟರಲ್ಲೇ ಬಿದ್ದುಹೋದವೇನೋ, ನಾನು ವಿಚಾರಿಸಲಿಲ್ಲ. ಬಿಳಿಯಲ್ಲೇ ಅವರಿಗೆ ಎಷ್ಟೊಂದು ಬಿಳಿಗಳಿದ್ದವು! ಮಲ್ಲಿಗೆ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ, ಬೂದುಗುಂಬಳದ ಮೇಲಿನ ಬಿಳಿಯಂತೂ ಬಿಳಿಯೇ ಅಲ್ಲವಂತೆ.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ನಾನು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹಾಸನಕ್ಕೆ ಬಂದು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಪಾಠ ಹೇಳುತ್ತಿದ್ದೆ ಎನ್ನುವುದು ದೊಡ್ಡ ಮಾತು. ಹಿಂದಿನ ಸಂಜೆ ಓದಿದ್ದನ್ನು ಮರುದಿನ ಗಂಭೀರವಾಗಿ ಒಪ್ಪಿಸುತ್ತಿದ್ದೆ ಅಷ್ಟೆ. ಅಲ್ಲಿ ನಡುವೆ ಒಂದು ದೊಡ್ಡ ಯಂತ್ರ, ಅದರಿಂದ ಕೇಬಲ್ ಎಳೆದು ಸಾಲಾಗಿ ಇಟ್ಟ ಟರ್ಮಿನಲ್ಲುಗಳು. ಟರ್ಮಿನಲ್ಲಿಗೆ ಸ್ವಂತ ಬುದ್ಧಿ ಇಲ್ಲ, ಒಂದು ಪರದೆ ಮತ್ತು ಒಂದು ಕೀಬೋರ್ಡು, ಅಷ್ಟೇ ಅದರ ಆಸ್ತಿ. ಎಲ್ಲ ಪರದೆಗಳಲ್ಲೂ ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರ. ಬಣ್ಣದ ಪರದೆ ಇದ್ದದ್ದು ಒಂದೇ, ಅದು ಬಾಗಿಲಿನ ಹತ್ತಿರ, ಬಂದವರ ಕಣ್ಣಿಗೆ ಬೀಳುವ ಹಾಗೆ. ಇವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಕಟ್ಟಾಯದ ಕಡೆಯ ಜಯಣ್ಣ. ಬೆಳಿಗ್ಗೆ ಹೊಲಕ್ಕೆ ನೀರು ಬಿಟ್ಟು, ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬರುತ್ತಿದ್ದ.

ಪರದೆಗೆ ಬಣ್ಣ ಬರುತ್ತದೋ ಇಲ್ಲವೋ ಎಂದು ಯಂತ್ರ ತಿಳಿದುಕೊಳ್ಳುವ ಬಗೆ ಕೇಳಿದರೆ ನೀವು ನಗುತ್ತೀರಿ. ಅದು ಪರದೆಯನ್ನು ನೋಡುವುದಿಲ್ಲ, ನೋಡಲು ಅದಕ್ಕೆ ಕಣ್ಣಿಲ್ಲ. ಹೆಸರು ಕೇಳುತ್ತದೆ. ಊಟಕ್ಕೆ ಬಂದವರ ಮನೆತನದ ಹೆಸರು ಕೇಳಿಯೇ ನಮ್ಮಮ್ಮ ಇವರಿಗೆ ಈರುಳ್ಳಿ ಆಗುವುದಿಲ್ಲ ಎಂದು ತೀರ್ಮಾನಿಸುತ್ತಿದ್ದಳಲ್ಲ, ಹಾಗೆ. ಯಂತ್ರದೊಳಗೆ ಒಂದು ಪಟ್ಟಿ ಇರುತ್ತದೆ: ಈ ಹೆಸರಿನ ಪರದೆಗೆ ಕಪ್ಪೂ ಸೇರಿ ಎಂಟು ಬಣ್ಣ, ಆ ಹೆಸರಿನದಕ್ಕೆ ಒಂದೂ ಇಲ್ಲ. ಹೆಸರು ಸುಳ್ಳಾದರೆ ಎಲ್ಲವೂ ಸುಳ್ಳು. ನಮ್ಮಲ್ಲಿ ಆದದ್ದು ಅದೇ. ಒಂದೊಂದು ಪರದೆಗೂ ಅದರದರ ಹೆಸರು ಬರೆದಿಡಲು ಬೇಸರಪಟ್ಟು ಜಯಣ್ಣ ಎಲ್ಲಕ್ಕೂ ಬಣ್ಣದ ಪರದೆಯ ಹೆಸರನ್ನೇ ಇಟ್ಟುಬಿಟ್ಟಿದ್ದ. ಕೇಳಿದರೆ, "ಅಕ್ಷರ ಮೂಡ್ತವಲ್ಲಕ್ಕಾ, ಇನ್ನೇನ್ ಬೇಕು? ಬಣ್ಣ ಗೊತ್ತಿಲ್ದೆ ಇದ್ರೆ ಅದೇ ಸುಮ್ಕಿರ್ತದೆ" ಎಂದ. ನಿಜ, ಆ ಹಸಿರು ಪರದೆಗಳು ಬಲು ಮರ್ಯಾದಸ್ಥ ಜಾತಿಯವು. ಕೆಂಪು ಕಳಿಸಿದರೂ ನೀಲಿ ಕಳಿಸಿದರೂ ಕಸ ಕಾರದೆ, ನನಗೆ ಬರುವುದಿಲ್ಲ ಎಂದೂ ಹೇಳದೆ, ಹಸಿರಿನಲ್ಲೇ ಬರೆದು ಸುಮ್ಮನಾಗುತ್ತಿದ್ದವು.

ಈ ಬಣ್ಣಗಳ ಸಂಖ್ಯೆಗಳನ್ನು ನಾನು ಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಮೂವತ್ತೊಂದು ಕೆಂಪು, ಮೂವತ್ತೆರಡು ಹಸಿರು, ಹಳದಿ, ನೀಲಿ, ಮೆಜೆಂಟಾ, ಸಯಾನ್, ಮೂವತ್ತೇಳು ಬಿಳಿ. ಅಡುಗೆಮನೆಯಿಂದ ಅಮ್ಮ "ವಿಷ್ಣು ಸಹಸ್ರನಾಮ ಬಾಯಿಗೆ ಬರ್ಲಿಲ್ಲ, ಇದು ಬಂತು" ಎನ್ನುತ್ತಿದ್ದಳು. ಜಗುಲಿಯಲ್ಲಿ ಕೂತ ಅಣ್ಣ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು.

"ಮೆಜೆಂಟಾ ಅಂದ್ರೆ ಯಾವ್ದೇ?"

"ಬೀಟ್‌ರೂಟ್ ಪಲ್ಯದ ನೀರು ಇರುತ್ತಲ್ಲ ಅಣ್ಣ, ಅದು."

"ಹಾಗನ್ನು. ಇನ್ನೊಂದು, ಅದೇನದು ಸಯಾನು?"

"ನೀಲಿ ಹಸಿರು ಎರಡೂ ಸೇರಿರೋದು."

"ನವಿಲಿನ ಕತ್ತು ಅನ್ನೇ. ಇರೋ ಹೆಸರು ಬಿಟ್ಟು ಇಲ್ಲದ ಹೆಸರು ಯಾಕೆ?"

ನವರಾತ್ರಿ ಬಂದರೆ ನಮ್ಮ ಮನೆಯ ಜಗುಲಿ ಗೊಂಬೆಗಳ ಆಸ್ಪತ್ರೆಯಾಗುತ್ತಿತ್ತು. ಬೀದಿಯವರೆಲ್ಲ ಬಣ್ಣ ಹೋದ ಗೊಂಬೆಗಳನ್ನು ಅಣ್ಣನ ಹತ್ತಿರ ತಂದುಕೊಡುತ್ತಿದ್ದರು. ಅಮ್ಮನ ಪಟ್ಟದ ಗೊಂಬೆಗಳು ಅರಕಲಗೂಡಿನ ತವರಿನಿಂದ ಮದುವೆಯಲ್ಲಿ ಬಂದವು, ರಾಜ ರಾಣಿ ಜೋಡಿ. ಮೊದಲು ಅವಕ್ಕೆ ಉಪಚಾರ, ಆಮೇಲೆ ಮಿಕ್ಕವರದು. ಆ ವರ್ಷ ಎದುರುಮನೆಯವರ ಕೃಷ್ಣ ನಮ್ಮಲ್ಲಿಂದ ಹೊರಟಾಗ ಕಾಫಿ ಡಿಕಾಕ್ಷನ್ ಬಣ್ಣದಲ್ಲಿದ್ದ. ಎದುರುಮನೆಯಾಕೆ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮುಖವನ್ನೂ ನೋಡಿದರು. ಅಣ್ಣ ಬಗ್ಗಲಿಲ್ಲ. "ಕೃಷ್ಣ ಅಂದ್ರೇನೇ ಕಪ್ಪು ಕಣಮ್ಮ. ನೀಲಿ ಬಳಿಯೋದು ಕ್ಯಾಲೆಂಡರಿನವರು" ಎಂದುಬಿಟ್ಟರು. ಆಕೆ ಭಕ್ತಿಯಿಂದ ತೆಗೆದುಕೊಂಡು ಹೋದರು. ಅಮ್ಮನ ರಾಣಿಯ ನೀಲಿ ಸೀರೆಯೂ ಅದೇ ಡಿಕಾಕ್ಷನ್ ಆದಾಗ ಮಾತ್ರ ಅಮ್ಮ ಸುಮ್ಮನಿರಲಿಲ್ಲ. ಗೊಂಬೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಅತ್ತಳು.

ಕಣ್ಣಿಗೆ ಪೊರೆ ಬಂದಿತ್ತು, ನಮಗೆಲ್ಲ ಗೊತ್ತಾಗುತ್ತಿತ್ತು. ಪೊರೆ ಮೊದಲು ನೀಲಿಯನ್ನು ತಿನ್ನುತ್ತದಂತೆ, ಆಮೇಲೆ ಉಳಿದದ್ದಕ್ಕೆಲ್ಲ ಹಳದಿ ಬಳಿಯುತ್ತದಂತೆ. ಆದರೆ ಅಣ್ಣ ಒಪ್ಪಬೇಕಲ್ಲ? ಚನ್ನರಾಯಪಟ್ಟಣದಲ್ಲಿದ್ದ ನಮ್ಮ ದೊಡ್ಡಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಡಾಕ್ಟರು ಬೇಡವೆಂದರೂ ಕೇಳದೆ ದ್ವಾದಶಿ ಎಂದು ಬೆಳಿಗ್ಗೆಯೇ ತಲೆಗೆ ನೀರು ಹೊಯ್ದುಕೊಂಡು, ಆ ಕಣ್ಣನ್ನು ಕಳೆದುಕೊಂಡಿದ್ದರು. ತಪ್ಪು ದ್ವಾದಶಿಯದು, ಹೆಸರು ಕೆಟ್ಟದ್ದು ಆಪರೇಷನ್ನಿನದು. ಅಣ್ಣನ ಭಯ ನನಗೆ ಅರ್ಥವಾಗುತ್ತಿತ್ತು. ಇರುವ ಹಳದಿಯೂ ಹೋಗಿ ಕತ್ತಲೆಯಾದರೆ ಅವರ ಪಾಲಿಗೆ ಉಳಿಯುವುದಾದರೂ ಏನು? ಆದರೆ ಸುಮ್ಮನೆ ಬಿಟ್ಟರೆ ಕೃಷ್ಣನ ಹಾಗೆ ಒಂದೊಂದೇ ಗೊಂಬೆ, ಒಂದೊಂದೇ ಮುಖ ಹೋಗುವುದನ್ನು ನಾವು ನೋಡುತ್ತ ಕೂರಬೇಕಿತ್ತು.

ಕೊನೆಗೆ ಅವರೇ ಸವಾಲು ಹಾಕಿದರು. "ನಿನ್ನ ಕಂಪ್ಯೂಟರಿನಲ್ಲಿ ಏಳು ಬಣ್ಣ ಇದೆ ಅಂತೀಯಲ್ಲ, ತೋರ್ಸು. ಒಂದು ತಪ್ಪು ಹೇಳಿದ್ರೂ ನಾಳೆನೇ ಡಾಕ್ಟ್ರ ಹತ್ರ ಬರ್ತೀನಿ. ಎಲ್ಲಾ ಸರಿ ಹೇಳಿದ್ರೆ ಈ ಮನೇಲಿ ನನ್ನ ಕಣ್ಣಿನ ಸುದ್ದಿ ಯಾರೂ ಎತ್ತಕೂಡದು." ಅಮ್ಮ ಸಾಕ್ಷಿ. ಕಂಪ್ಯೂಟರಿನವಳಾದ ನನಗೆ ಒಳಗೊಳಗೇ ಹಿಗ್ಗು, ಮೇಷ್ಟ್ರು ತಾವಾಗಿಯೇ ಬಲೆಗೆ ಬಿದ್ದರು ಎಂದು.

ಒಂದು ಶನಿವಾರ ಮಧ್ಯಾಹ್ನ, ಜರಿ ಅಂಚಿನ ಪಂಚೆ ಉಟ್ಟು, ಯಾವುದೋ ಮದುವೆಗೆ ಹೊರಟವರಂತೆ ನನ್ನ ಜೊತೆ ಬಂದರು. ಬಾಗಿಲ ಬಳಿಯ ಬಣ್ಣದ ಪರದೆಯ ಮುಂದೆ ನಮ್ಮ ಮಾಲೀಕರು ಯಾವುದೋ ಹುಡುಗನ ತಂದೆ ತಾಯಿಯನ್ನು ಕೂರಿಸಿಕೊಂಡು ಕೋರ್ಸಿನ ಮಹಿಮೆ ಹೇಳುತ್ತಿದ್ದರು. ನಾನು ಒಳಗೆ ಹೋಗಿ ಹಾಜರಿ ಹಾಕಿ ಬರುವಷ್ಟರಲ್ಲಿ ಜಯಣ್ಣ ಅಣ್ಣನನ್ನು ಮರ್ಯಾದೆಯಿಂದ ಫ್ಯಾನಿನ ಕೆಳಗೆ, ಮೂಲೆಯ ಪರದೆಯ ಮುಂದೆ ಕೂರಿಸಿದ್ದ. ಅಣ್ಣ ಆಗಲೇ ಕನ್ನಡಕ ಒರೆಸಿಕೊಂಡು ಸಿದ್ಧರಾಗಿದ್ದರು. ಬಣ್ಣದ ಪರದೆ ಖಾಲಿಯಾಗುವಷ್ಟರಲ್ಲಿ ಸರಿಯಾಗಿ ಓಡುತ್ತದೋ ನೋಡೋಣ ಎಂದು ನಾನು ಅವರ ಹೆಗಲ ಮೇಲಿಂದ ಬಗ್ಗಿ ನನ್ನ ಪುಟ್ಟ ಪ್ರೋಗ್ರಾಂ ಓಡಿಸಿದೆ. ಬಣ್ಣ ಬರುತ್ತದೆಯೇ ಎಂದು ಅದು ಕೇಳಿತು, ಜಯಣ್ಣ ಇಟ್ಟ ಹೆಸರು ಹೌದು ಎಂದಿತು. ಏಳು ದಪ್ಪ ಪಟ್ಟಿಗಳು ಒಂದರ ಕೆಳಗೊಂದು ಮೂಡಿದವು. ಏಳೂ ಹಸಿರು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಬೆರಳಿಟ್ಟು ಶುರು ಮಾಡಿದ್ದರು. "ಕೆಂಪು. ಹಸಿರು. ಹಳದಿ. ನೀಲಿ." ಬೆರಳು ಒಂದೊಂದೇ ಪಟ್ಟಿ ಇಳಿಯಿತು. "ಇದು ನಿನ್ನ ಬೀಟ್‌ರೂಟ್ ನೀರು. ಇದು ನವಿಲಿನ ಕತ್ತು. ಕಡೇದು ಬಿಳಿ." ಆಮೇಲೆ ಕುರ್ಚಿಗೆ ಒರಗಿ, "ಕೆಂಪು ಇನ್ನೊಂಚೂರು ಗಾಢ ಇರ್ಬೇಕಿತ್ತು" ಎಂದೂ ಸೇರಿಸಿದರು.

ಜಯಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನು ತಲೆ ತಗ್ಗಿಸಿ ಕೇಬಲ್ ಸರಿ ಮಾಡುವವನಂತೆ ಮೇಜಿನ ಕೆಳಗೆ ಕೈ ಹಾಕಿ, "ಎಲ್ಲಾ ಸರ್ಯಾಗೇ ಏಳಿದ್ರಿ ಸಾ" ಎಂದ. ನಾನೂ ಸರಿ ಎಂದೆ. ಬಣ್ಣದ ಪರದೆ ಖಾಲಿಯಾದ ಮೇಲೆ ಅಲ್ಲಿ ಇನ್ನೊಮ್ಮೆ ತೋರಿಸಬಹುದಿತ್ತು, ಮನಸ್ಸು ಬರಲಿಲ್ಲ. ಅಷ್ಟು ಹೊತ್ತೂ ನನಗೆ ಅನಿಸುತ್ತಿದ್ದದ್ದು ಒಂದೇ: ನಾನು ಬಾಯಿಪಾಠ ಮಾಡುವಾಗ ಈ ಮನುಷ್ಯ ಜಗುಲಿಯಲ್ಲಿ ಕೂತು ಕಲಿತಿದ್ದಾರೆ, ಪರೀಕ್ಷೆಗೆ ಓದುವ ಹಾಗೆ ಓದಿಕೊಂಡು ಬಂದಿದ್ದಾರೆ. ಎಷ್ಟು ಹೆದರಿದ್ದರೆ ಹಾಗೆ ಓದಿರಬೇಕು!

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಮೊಸಳೆಹೊಸಹಳ್ಳಿಯಲ್ಲಿ ಬಸ್ಸು ನಿಂತಾಗ, ಹೊರಗೆ ನೋಡುತ್ತಲೇ ಕೇಳಿದರು.

"ಆ ಪರದೇಲಿ ಬಣ್ಣ ಇತ್ತೇನೇ?"

ನಾನು ಕೈಯಲ್ಲಿದ್ದ ಟಿಕೆಟ್ಟನ್ನು ಮಡಿಸತೊಡಗಿದೆ.

"ಇಷ್ಟು ವರ್ಷ ಮೇಷ್ಟ್ರಾಗಿದ್ದೆ ಕಣೆ. ಹುಡುಗ ಸರಿ ಉತ್ತರ ಹೇಳಿದ್ರೆ ಕ್ಲಾಸು ಒಂಥರಾ ಸದ್ದು ಮಾಡುತ್ತೆ. ತಪ್ಪು ಹೇಳಿದ್ರೆ ಇನ್ನೊಂಥರಾ. ನೀವಿಬ್ರೂ ಮೊದ್ಲು ಸದ್ದೇ ಮಾಡ್ಲಿಲ್ಲ, ಆಮೇಲೆ ಸರಿ ಅಂದ್ರಿ."

"ಇರ್ಲಿಲ್ಲ ಅಣ್ಣ. ಅದು ಬರೀ ಹಸಿರು ಪರದೆ."

"ಏಳೂ ಹಸಿರೇ?"

"ಏಳೂ."

ಬಸ್ಸು ಹೊರಟಿತು. ಆಮೇಲೆ ಅವರ ಹೆಗಲು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. "ಕೆಂಪು ಗಾಢ ಇರ್ಬೇಕಿತ್ತು ಅಂದ್ನಲ್ಲೇ" ಎಂದರು. ನಾನೂ ನಕ್ಕೆ. ಮುಂದಿನ ಸೀಟಿನಾಕೆ ತಿರುಗಿ ನೋಡಿದರು. ನಗು ನಿಂತ ಮೇಲೆ ಅಣ್ಣ ನನ್ನ ಕೈ ಹುಡುಕಿ ಹಿಡಿದುಕೊಂಡರು. "ನಾಳೆ ಭಾನುವಾರ. ಸೋಮವಾರ ಕರ್ಕೊಂಡು ಹೋಗು" ಎಂದರು.

ಹಾಸನದಲ್ಲಿ ಒಂದು ಕಣ್ಣಿಗೆ ಆಪರೇಷನ್ ಆಯಿತು. ದ್ವಾದಶಿ ಬರದ ಹಾಗೆ ಅಮ್ಮ ಪಂಚಾಂಗ ನೋಡಿ ದಿನ ಇಟ್ಟಿದ್ದಳು. ಪಟ್ಟಿ ಬಿಚ್ಚಿದ ಬೆಳಿಗ್ಗೆ ನಾನು ಅವರ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದೆ. ಮೊದಲು ಕಿಟಕಿ ನೋಡಿದರು. ಅಲ್ಲಿ ಬರೀ ಆಕಾಶವಿತ್ತು. "ಇಷ್ಟೊಂದು ನೀಲೀನಾ? ಯಾರ್ ಕಲಸಿದ್ದು ಇದನ್ನ?" ಎಂದು ನಿಧಾನವಾಗಿ ಹೇಳಿದರು. ಒಂದು ಕಣ್ಣು ಮುಚ್ಚಿ ನೋಡುವರು, ಇನ್ನೊಂದು ಮುಚ್ಚಿ ನೋಡುವರು. ಆ ಆಟ ಮುಗಿಯಲಿ ಎಂದು ನಾನು ಕಾಯುತ್ತಿದ್ದೆ. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದ ಮೇಲಿದ್ದ ನಗು ಅಲ್ಲಿಗೇ ನಿಂತಿತು.

"ನಿನ್ನ ಕೂದಲು ಯಾವಾಗ್ಲೇ ಬೆಳ್ಳಗಾಗಿದ್ದು?"

"ಆಗ್ಲೇ ಎರಡು ಮೂರು ವರ್ಷ ಆಯ್ತು ಅಣ್ಣ."

ಕೈ ಚಾಚಿ ಬೈತಲೆಯ ಹತ್ತಿರ ಮುಟ್ಟಿ ನೋಡಿದರು. ಗಂಡಿನ ಕಡೆಯವರ ಮಾತು ತಂದವರಿಗೆಲ್ಲ "ಏನವಸರ, ಇನ್ನೂ ಚಿಕ್ಕೋಳು" ಎನ್ನುತ್ತಿದ್ದ ಮನುಷ್ಯ. ಅವರ ಹಳದಿ ಕಣ್ಣಿನಲ್ಲಿ ನನಗೆ ವಯಸ್ಸೇ ಆಗಿರಲಿಲ್ಲ. ಡಾಕ್ಟರು ಅಳಬಾರದು ಎಂದಿದ್ದರು, ನೀರು ತಾಗಬಾರದಲ್ಲ, ಅದಕ್ಕೆ ಅಣ್ಣ ತುಟಿ ಬಿಗಿ ಹಿಡಿದು ಕೂತರು. ಕೊನೆಗೆ ಮೇಷ್ಟ್ರ ಧ್ವನಿ ತಂದುಕೊಂಡು, "ಮಲ್ಲಿಗೆ ಬಿಳಿ. ಸುಣ್ಣ ಅಲ್ಲ. ಪರವಾಗಿಲ್ಲ, ಚೆನ್ನಾಗಿದೆ" ಎಂದರು. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಅಷ್ಟು ಸರಿಯಾಗಿ ನೋಡಿಲ್ಲ.

ಇನ್ನೊಂದು ಕಣ್ಣಿಗೆ ಅವರು ಆಪರೇಷನ್ ಮಾಡಿಸಿಕೊಳ್ಳಲೇ ಇಲ್ಲ. ನಾಳೆ, ನಾಡಿದ್ದು ಎಂದು ಮುಂದೂಡಿದರು. ಒಮ್ಮೊಮ್ಮೆ ಜಗುಲಿಯಲ್ಲಿ ಕೂತು ಹೊಸ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹಳೆಯ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದುದನ್ನು ಕಂಡಿದ್ದೇನೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಹೋಗಿಬಿಟ್ಟರು. ಅವರು ಹೋದ ಮೇಲೆ ನಾನು ತಲೆಗೆ ಬಣ್ಣ ಹಚ್ಚತೊಡಗಿದೆ. ಆಗಷ್ಟೇ ಸೇರಿದ್ದ ಕಾಲೇಜಿನವರು ಹೇಳಿದರು, ಅಮ್ಮನೂ ಹೇಳಿದಳು, ಬೇಡ ಎನ್ನುವವರು ಇರಲಿಲ್ಲ.

ಮೊನ್ನೆ ಆ ಹುಡುಗಿ ಒಂದು ಆಜ್ಞೆ ಟೈಪ್ ಮಾಡಿ ನನ್ನ ಫೈಲನ್ನು ಸರಿಯಾಗಿ ತೋರಿಸಿದಳು. ಕಸವೆಲ್ಲ ಹೋಗಿ ಪರದೆಯ ತುಂಬ ಕೆಂಪು ಬಂತು. ಈಗಿನ ಪರದೆಗಳಿಗೆ ಬಣ್ಣ ಎಷ್ಟು ಎಂದು ಕೇಳಿದರೆ ಅವು ಹೇಳುವ ಸಂಖ್ಯೆ ಕೋಟಿಯನ್ನೂ ದಾಟುತ್ತದೆ. ಅಣ್ಣ ಇದ್ದಿದ್ದರೆ ಅವಷ್ಟಕ್ಕೂ ತರಕಾರಿಯ, ಹೂವಿನ ಹೆಸರು ಇಡಲು ಕೂರುತ್ತಿದ್ದರೇನೋ. ಚೆನ್ನಾಗಿದೆ ಕಣಮ್ಮ ಎಂದು ಹುಡುಗಿಗೆ ಹೇಳಿ ಎದ್ದು ಮನೆಗೆ ಬಂದೆ.

ಈ ತಿಂಗಳು ತಲೆಗೆ ಬಣ್ಣ ಹಚ್ಚಿಲ್ಲ. ಬುಡದಲ್ಲಿ ಬೆಳ್ಳಗೆ ಬೆಳೆಯುತ್ತಿದೆ. ದಿನಾ ಬೆಳಿಗ್ಗೆ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು ನೋಡುತ್ತೇನೆ. ಇದು ಈಗಲೂ ಮಲ್ಲಿಗೆಯೋ, ಸುಣ್ಣಕ್ಕೆ ತಿರುಗಿತೋ, ನನ್ನ ಕಣ್ಣಿಗೆ ಅದು ತಿಳಿಯುವುದಿಲ್ಲ.