ಜಾರದ ಬಟ್ಟಲು

ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ವಾಡಿಯ ಕಡೆ ಸಿಮೆಂಟ್ ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿ ದುಡಿದು ನಿವೃತ್ತನಾದ ಮೇಲೆ, ಶಹಾಬಾದಿನ ನಮ್ಮ ಮನೆಯ ಅಂಗಳದಲ್ಲಿ ತಗಡಿನ ನೆರಳು ಮಾಡಿ, ಕಟ್ಟಿಗೆ ಕಡೆಯುವ ಸಣ್ಣ ಲೇಥ್ ಇಟ್ಟುಕೊಂಡೆ. ಕಬ್ಬಿಣವನ್ನೇ ಮಣಿಸಿದವನಿಗೆ ಕಟ್ಟಿಗೆ ಯಾವ ಲೆಕ್ಕ ಎಂಬ ಜಂಬ ಬೇರೆ.

ಹೋದ ಚಳಿಗಾಲದಲ್ಲಿ ಹೆಂಡತಿಗೆ ಲಕ್ವ ಹೊಡೆಯಿತು. ನಡಿಗೆ ಮರಳಿತು, ಮಾತು ಮರಳಿತು. ಬಲಗೈ ಮಾತ್ರ ಅರೆಬರೆ. ನೆಲದ ಮೇಲೆ ಕೂತು ಉಣ್ಣುವ ಮನೆ ನಮ್ಮದು. ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿಕೊಟ್ಟರೆ, ಅವಳ ಬೆರಳು ತಾಗಿದೊಡನೆ ಸ್ಟೀಲ್ ತಾಟು ನುಣ್ಣನೆಯ ಪರಸಿ ಕಲ್ಲಿನ ನೆಲದ ಮೇಲೆ ಸರ್ರನೆ ಜಾರುತ್ತಿತ್ತು. ತುತ್ತು ಅಂಚು ದಾಟಿ ನೆಲಕ್ಕೆ. ನಾನು ತಾಟು ಹಿಡಿಯಲು ಹೋದರೆ, "ನಾ ಏನ್ ಕೂಸೇನ್ರಿ? ಒಯ್ರಿ, ನನಗ ಹಸಿವಿ ಇಲ್ಲ," ಎನ್ನುತ್ತಿದ್ದಳು. ಹಸಿವಿತ್ತು. ದಿನದಿನಕ್ಕೆ ಇಳಿದುಹೋಗುತ್ತಿದ್ದಳು. ನನಗೆ ಭಯವಾಗಿತ್ತು.

ಅವಳು ತಾನೇ ಉಣ್ಣುವಂಥ ಬಟ್ಟಲು ಮಾಡಬೇಕು ಎಂದುಕೊಂಡೆ. ಭಾರವಾಗಿರಬೇಕು, ತುತ್ತು ಒತ್ತಿ ಎತ್ತಿಕೊಳ್ಳಲು ಅದರ ಗೋಡೆ ನೆಟ್ಟಗಿರಬೇಕು. ಚಿಂಚೋಳಿ ಕಡೆಯಿಂದ ತರಿಸಿ ಒಣಗಿಸಿಟ್ಟ ಹುಣಸೆ ಕಟ್ಟಿಗೆಯ ಎರಡು ತುಂಡುಗಳಿದ್ದವು.

ಕಟ್ಟಿಗೆಯ ಬುಡದಲ್ಲಿ ಗುಂಡನೆಯ ಗೂಟ ಬಿಡಬೇಕು. ಲೇಥಿನ ಚಕ್ ತನ್ನ ನಾಲ್ಕು ದವಡೆಗಳಿಂದ ಅದನ್ನು ಕಚ್ಚಿ ಹಿಡಿದು ತಿರುಗಿಸುತ್ತದೆ. ಅವಸರದಲ್ಲಿ ಚಕ್ಕಿಗೆ ಮೊದಲೇ ಹಾಕಿದ್ದ ಸಣ್ಣ ದವಡೆಗಳನ್ನೇ ಇಟ್ಟುಕೊಂಡೆ. ಕಬ್ಬಿಣದ ರೂಢಿಯಂತೆ ಗೂಟವನ್ನು ಉದ್ದ ಬಿಟ್ಟು, ಚಕ್ಕಿನ ತಳ ಮುಟ್ಟುವವರೆಗೆ ತೂರಿಸಿ, ದವಡೆ ಬಿಗಿಸುವ ಚಾವಿಗೆ ಮೈಭಾರ ಹಾಕಿ ಬಿಗಿದೆ. ಒಳಗೆ ಕೊರೆಯುವಾಗ ತುಂಡು ನಡುಗತೊಡಗಿತು. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಗೂಟ ಮುರಿದು, ಬಟ್ಟಲು ಹಾರಿ ಕಾಂಪೌಂಡಿಗೆ ಬಡಿದು ಹೋಳಾಯಿತು.

"ಏನಾತ್ರಿ?" ಒಳಗಿಂದ ಅವಳ ದನಿ.

"ಏನಿಲ್ಲ, ನೀ ಸುಮ್ನಿರು," ಎಂದು ರೇಗಿದೆ. ಸಿಟ್ಟು ನನ್ನ ಮೇಲೆಯೇ ಇತ್ತು.

ಮುರಿದ ಗೂಟ ಬಿಡಿಸಿ ನೋಡಿದೆ. ತುದಿ ಚಕ್ಕಿನ ತಳಕ್ಕೆ ಉಜ್ಜಿ ಹೊಳೆಯುತ್ತಿತ್ತು. ದವಡೆ ಕಚ್ಚಿದಲ್ಲಿ ನಾರು ನಜ್ಜುಗುಜ್ಜಾಗಿತ್ತು. ಬಟ್ಟಲು ತುದಿಗಾಲಲ್ಲಿ ನಿಂತಿತ್ತು, ದವಡೆಗಳ ಮೇಲೆ ಕೂತೇ ಇರಲಿಲ್ಲ. ಇನ್ನು ಉಳಿದದ್ದು ಒಂದೇ ತುಂಡು.

ಮರುದಿನ ದೊಡ್ಡ ದವಡೆಗಳನ್ನು ಹಾಕಿದೆ. ಗೂಟ ಅಗಲವಾದರೆ ಅದೇ ಬಟ್ಟಲಿಗೆ ಪಾದವಾಗುತ್ತದೆ, ಕತ್ತರಿಸಿ ಹಾಕಬೇಕಿಲ್ಲ. ಅದನ್ನು ಗಿಡ್ಡ ಮಾಡಿ, ದವಡೆಯ ಓರೆಗೆ ಹೊಂದುವಂತೆ ಕೆತ್ತಿ, ಸುತ್ತಲಿನ ಅಂಚು ದವಡೆಗಳ ಮುಖಕ್ಕೆ ಸಮನಾಗಿ ತಾಗುವಂತೆ ನೋಡಿಕೊಂಡೆ. ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಚಾವಿ ತಿರುವುವಾಗ ಸಾಕೆನ್ನುವಲ್ಲಿ ಕೈ ನಿಲ್ಲಿಸುವುದೇ ಕಷ್ಟವಾಯಿತು. ಈ ಸಲ ತುಂಡು ನಡುಗಲಿಲ್ಲ. ಒಳಗೆ ಕೊರೆದು ಬಟ್ಟಲು ಮುಗಿಸಿದೆ. ಪಾದದಡಿ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ, ಕುಸುಬೆ ಎಣ್ಣೆ ಉಜ್ಜಿಟ್ಟೆ. ಅದು ಒಣಗುವವರೆಗೆ ಮುಟ್ಟಿ ಮುಟ್ಟಿ ನೋಡಿ ಅವಳಿಂದ ಬೈಸಿಕೊಂಡೆ.

ಕೊನೆಗೊಂದು ಮಧ್ಯಾಹ್ನ ರೊಟ್ಟಿ ಮುರಿದು, ಬೇಳೆ ಹಾಕಿ ಅವಳ ಮುಂದಿಟ್ಟೆ. ಬಟ್ಟಲಿನ ಗೋಡೆಗೆ ಒತ್ತಿ ತುತ್ತು ಮಾಡಿದಳು, ಕೈ ತಡವರಿಸಿತು. ತಡೆಯಲಾಗದೆ ನಾನು ಬಟ್ಟಲು ಹಿಡಿದೆ.

"ಕೈ ತಗೀರಿ," ಎಂದಳು. "ಅದು ಗಟ್ಟಿ ಕುಂತದ. ನೀವೇ ನಡಗಲಿಕತ್ತೀರಿ."

ಕೈ ತೆಗೆದೆ. ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡೆ. ತುತ್ತು ಬಾಯಿಗೆ ಹೋಯಿತು. ಇನ್ನೊಂದು, ಮತ್ತೊಂದು. ಬಟ್ಟಲು ಬರಿದಾದ ಮೇಲೆ ನನ್ನತ್ತ ನೋಡದೆಯೇ ಅಂದಳು:

"ಇನ್ನೊಂದು ರೊಟ್ಟಿ ಮುರೀರಿ."